ಅಳ್ಳು ಹುರಿಯುವ ಮನೆ

ಶಹಾಪುರದ ಬಸ್ ನಿಲ್ದಾಣದಲ್ಲಿ ಮೊಮ್ಮಗಳು ಪಾಪ್‌ಕಾರ್ನ್ ಪೊಟ್ಟಣ ಕೈಗಿಟ್ಟು, "ತಿನ್ನು ಅಮ್ಮಾ, ನಿಮ್ಮ ಕಾಲದಾಗ ಇದು ಇದ್ದಿದ್ದಿಲ್ಲ" ಅಂದಾಗ ನನಗೆ ಸಿಟ್ಟೇ ಬಂತು. ಇರಲಿಲ್ಲವಂತೆ! ಮೆಕ್ಕೆಜೋಳ ನಮ್ಮ ಸೀಮೆಯ ಹೊಲಗಳಿಗೆ ಕಾಲಿಡುವ ಎಷ್ಟೋ ಮೊದಲೇ ನಾವು ಜೋಳವನ್ನು ಸಿಡಿಸಿ ತಿಂದವರು. ಅದನ್ನು ಅಳ್ಳು ಅನ್ನುತ್ತಿದ್ದೆವು. ಈ ಪೊಟ್ಟಣದಲ್ಲಿರುವುದು ಬರೀ ಉಪ್ಪು ಮತ್ತು ಗಾಳಿ.

ಅಳ್ಳಿಗೆ ಎಲ್ಲ ಜೋಳವೂ ಆಗದು. ಸಣ್ಣ ಕಾಳಿನ, ಗಟ್ಟಿ ಸಿಪ್ಪೆಯ ಜೋಳವೇ ಬೇಕು. ಹಿಂದಿನ ದಿನ ಅದಕ್ಕೆ ಬಿಸಿನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡಬೇಕು. ಮರುದಿನ ಅಗಲ ಬಾಯಿಯ ಗಡಿಗೆಯನ್ನು ಒಲೆಯ ಮೇಲೆ ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ಹಾಕಿ, ಕೋಲಿಗೆ ಸುತ್ತಿದ ಅರಿವೆಯಿಂದ ಆಡಿಸಬೇಕು. ಕಾಳು ಚಟಪಟ ಸಿಡಿದು ಮಲ್ಲಿಗೆಯಂತೆ ಅರಳುತ್ತಿತ್ತು. ಹಿಡಿ ಜೋಳಕ್ಕೆ ಮೊರದ ತುಂಬ ಅಳ್ಳು. ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಖಾರದ್ದು, ಬೀಸಿ ಬೆಲ್ಲ ಕಲಸಿದರೆ ಅಳ್ಳಿಟ್ಟು. ನಾಗರ ಪಂಚಮಿ ಹತ್ತಿರ ಬಂತೆಂದರೆ ನಮ್ಮ ರಂಗಂಪೇಟೆಯ ಓಣಿಯಲ್ಲಿ ಮನೆಮನೆಯಿಂದಲೂ ಆ ಸದ್ದು.

ಆ ಸದ್ದಿಗೆ ಒಂದು ಕಟ್ಟಳೆ ಇತ್ತು. ಸಾವಾದ ಮನೆಯಲ್ಲಿ ಆ ವರ್ಷ ಅಳ್ಳು ಹುರಿಯುವಂತಿಲ್ಲ. ನೆರೆಯವರೋ ನೆಂಟರೋ ತಮ್ಮ ಮನೆಯಲ್ಲಿ ಹುರಿದು, ಮೊರಕ್ಕೆ ಬಟ್ಟೆ ಮುಚ್ಚಿ ತಂದು ಕೊಡಬೇಕು. ಅದನ್ನು ಇಸಿದುಕೊಂಡು ತಿಂದರೆ, ನಮ್ಮ ಮನೆಯಲ್ಲಿ ಸಾವಾಗಿದೆ ಎಂದು ಒಪ್ಪಿಕೊಂಡ ಹಾಗೆ.

ನನ್ನ ಸೋದರಮಾವ ಕೃಷ್ಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅವ್ವನಿಗೆ ಅವನೊಬ್ಬನೇ ತಮ್ಮ. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವ. ನಿಜಾಮನ ಆಳ್ವಿಕೆಯ ಕೊನೆಯ ವರ್ಷ, ನಮ್ಮವರು ಇವತ್ತಿಗೂ ಗದ್ದಲ ಎಂದು ಕರೆಯುವ ಆ ವರ್ಷ, ಲೂಟಿ, ಕೊಲೆಗೆ ಹೆದರಿ ಜನ ಗಂಟುಮೂಟೆ ಕಟ್ಟಿಕೊಂಡು ಹೊಳೆ ದಾಟಿ ಓಡುತ್ತಿದ್ದರು. ಮಾವ ಅವರನ್ನು ದಾಟಿಸುತ್ತಿದ್ದ. ಮಳೆ ಹಿಡಿದ ಮೇಲೆ ಒಂದು ದಿನ ಹೋದವನು ತಿರುಗಿ ಬರಲಿಲ್ಲ. ಹರಿಗೋಲು ಕೆಳಗಿನ ಊರಿನ ದಂಡೆಯಲ್ಲಿ ಮಗುಚಿ ಬಿದ್ದಿತ್ತು. ಮಾವ ಮುಳುಗಿದನೋ, ಯಾರಾದರೂ ಹೊಡೆದರೋ, ಆಚೆ ದಂಡೆ ಸೇರಿದನೋ, ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ, ಅಂದರೆ ಮಾವನ ಹೆಂಡತಿ, ಒಂದು ಸೀರೆ ಗಂಟಿನೊಡನೆ ನಮ್ಮ ಮನೆಗೆ ಬಂದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ಅವಳ ಬೆನ್ನಿಗೇ ಪಂಚಮಿಯೂ ಬಂತು. ಓಣಿಯ ಹಿರಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಈ ವರ್ಷ ಗಡಿಗಿ ಏರಿಸಬ್ಯಾಡವಾ, ನಾ ತಂದ್ ಕೊಡ್ತೀನಿ" ಅಂದಳು.

ಅವ್ವ ಕೆಂಡವಾದಳು. "ಸತ್ತಿದ್ದನ್ನ ಕಂಡವ್ರು ಯಾರು? ನನ್ನ ತಮ್ಮ ಬರ್ತಾನ" ಅಂದವಳೇ ಒಲೆ ಹೊತ್ತಿಸಿದಳು. ಓಣಿಗೆಲ್ಲ ಕೇಳಲಿ ಎಂದು ಬಾಗಿಲು ತೆರೆದಿಟ್ಟು ಹುರಿದಳು.

ಇಂಡಿಯಾದ ಫೌಜು ಬಂತು, ಕಚೇರಿಯ ಮೇಲಿನ ಬಾವುಟ ಬದಲಾಯಿತು. ಓಡಿಹೋದವರು ಒಬ್ಬೊಬ್ಬರೇ ಮರಳಿ ಬಂದರು. ಮಾವ ಬರಲಿಲ್ಲ. ಅವ್ವ ಮಾತ್ರ ಪ್ರತಿ ಪಂಚಮಿಗೂ ಬಾಗಿಲು ತೆರೆದಿಟ್ಟು ಹುರಿದಳು. ನಾನು ಉಡಿ ತುಂಬ ಅಳ್ಳು ಕಟ್ಟಿಕೊಂಡು ಜೋಕಾಲಿ ಆಡುತ್ತಿದ್ದೆ. ಅತ್ತೆಯ ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ. ಹೊಲಕ್ಕೆ ಕೂಲಿಗೆ ಹೋಗಿ ಬಂದು, ಊಟ ಮಾಡಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಕನ್ನಡದ ಜಿಲ್ಲೆಗಳೆಲ್ಲ ಒಂದು ರಾಜ್ಯವಾಗುತ್ತವೆ ಎಂದು ಕಟ್ಟೆಯ ಮೇಲೆ ಗಂಡಸರು ಮಾತಾಡಿಕೊಳ್ಳುತ್ತಿದ್ದ ದಿನಗಳಲ್ಲಿ ದೋರನಹಳ್ಳಿಯಿಂದ ಒಬ್ಬ ಬಂದ. ಹೆಂಡತಿ ಸತ್ತವನು, ಒಂದು ಜೊತೆ ಎತ್ತು ಇದ್ದವನು. ಅತ್ತೆಯನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಎಂದು ಅಪ್ಪನ ಮುಂದೆ ಕೇಳಿದ. ನಮ್ಮವರಲ್ಲಿ ಗಂಡ ಸತ್ತವಳಿಗೆ ಉಡಿಕೆಯ ಮದುವೆ ಮಾಡುವುದುಂಟು. ಆದರೆ ಹಿರಿಯರು ಒಪ್ಪಲಿಲ್ಲ. "ಆ ಮನ್ಯಾಗ ಪ್ರತಿ ಪಂಚಮಿಗೂ ಅಳ್ಳು ಸಿಡಿತಾವ. ಗಂಡ ಸತ್ತಾನಂತ ನಾವ್ ಹೆಂಗ ಅನ್ನೂದು?" ಎಂದು ಎದ್ದುಹೋದರು. ಬಂದವನು, ಪಂಚಮಿ ಕಳೆಯುವತನಕ ಕಾಯುತ್ತೇನೆ ಅಂದ.

ಪಂಚಮಿಗೆ ಅಳ್ಳು ಹುರಿಯುವ ದಿನ ಅವ್ವ ಗಡಿಗೆ ಏರಿಸಿದಳು. ಜೋಳದ ಗಂಟು ಪಕ್ಕದಲ್ಲೇ ಇತ್ತು. ಅತ್ತೆ ಬಂದು ಆ ಗಂಟಿನ ಮೇಲೆ ಕೈಯಿಟ್ಟಳು.

"ಅಕ್ಕಾ, ಈ ವರ್ಷ ಹುರಿಬ್ಯಾಡ್ರಿ."

ಅವ್ವ ಹುರಿಯುವ ಕೋಲಿನಿಂದ ಅವಳ ಕೈಗೆ ಹೊಡೆದೇಬಿಟ್ಟಳು. ಎರಡು ಬಳೆ ಒಡೆದವು. "ನನ್ನ ತಮ್ಮನ್ನ ಕೊಲ್ಲಾಕತ್ತೀಯೇನ ನೀ?"

ಅತ್ತೆ ಕೈ ತೆಗೆಯಲಿಲ್ಲ. "ನಾ ಕೊಲ್ಲಾಕತ್ತಿಲ್ರಿ ಅಕ್ಕಾ. ಅವ್ರು ಬರ್ತಾರಂತ ನೀವು ಕಾಯಾಕತ್ತೀರಿ. ಕಾದು ಕಾದು ಸಾಯಾಕತ್ತಿದಾಕಿ ನಾನು."

ಒಲೆಯ ಮೇಲೆ ಬರೀ ಗಡಿಗೆ ಕಾಯುತ್ತಲೇ ಇತ್ತು. ನಾನು ಹೆದರಿ ಅವ್ವನ ಮುಖ ನೋಡಿದೆ. ಅವ್ವ ಒಡೆದ ಬಳೆಗಳನ್ನು ನೋಡುತ್ತಿದ್ದಳು. ಒಲೆಯಿಂದ ಒಂದೊಂದೇ ಕೊಳ್ಳಿ ಹೊರಗೆಳೆದು ನೀರು ಹಾಕಿದಳು. ಆಮೇಲೆ ಎದ್ದು ಹೋಗಿ ಬಾಗಿಲು ಮುಚ್ಚಿದಳು.

ಆ ದಿನ ಓಣಿಯ ಎಲ್ಲ ಮನೆಗಳಲ್ಲಿ ಅಳ್ಳು ಸಿಡಿದವು, ನಮ್ಮಲ್ಲಿ ಇಲ್ಲ. ಸಂಜೆಗೆ ಅದೇ ಹಿರಿಯ ಹೆಂಗಸು ಮೊರಕ್ಕೆ ಬಟ್ಟೆ ಮುಚ್ಚಿಕೊಂಡು ಬಂದಳು. ಅವ್ವ ಮೊರ ಇಸಿದುಕೊಂಡು ನೆಲದ ಮೇಲೆ ಕೂತಳು. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿದಳು, ಅಗಿದೇ ಅಗಿದಳು, ನುಂಗಲಾಗಲಿಲ್ಲ. ನಾನು ನೀರು ಕೊಟ್ಟೆ.

ಅವ್ವ ನುಂಗಿದ್ದನ್ನು ನೋಡಿದ ಅತ್ತೆ ಎದೆ ಎದೆ ಬಡಿದುಕೊಂಡು ನೆಲಕ್ಕೆ ಬಿದ್ದಳು. "ಈಗ ಹ್ವಾದ್ರು ಅಕ್ಕಾ, ನನ್ನ ಗಂಡ ಈಗ ಹ್ವಾದ್ರು" ಎಂದು ಅಷ್ಟು ವರ್ಷ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಹುರಿಯಬೇಡಿ ಅಂದವಳೂ ಅವಳೇ. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದ ಬಳೆಗಳನ್ನು ತಾನೇ ತೆಗೆದಳು.

ಅತ್ತೆ ದೋರನಹಳ್ಳಿಗೆ ಹೋದಳು. ಮರುವರ್ಷದಿಂದ ನಮ್ಮ ಮನೆಯಲ್ಲಿ ಹುರಿಯಬಹುದಿತ್ತು, ಕಟ್ಟಳೆ ಒಂದೇ ವರ್ಷದ್ದು. ಅವ್ವ ಬದುಕಿರುವತನಕ ಹುರಿಯಲಿಲ್ಲ. ಪ್ರತಿ ಪಂಚಮಿಗೂ ಅತ್ತೆ ತನ್ನ ಮನೆಯಲ್ಲಿ ಹುರಿದು, ಮೊರಕ್ಕೆ ಬಟ್ಟೆ ಮುಚ್ಚಿ ತರುತ್ತಿದ್ದಳು. ಆಮೇಲೆ ಅವಳ ಕಂಕುಳಲ್ಲಿ ಒಂದು ಕೂಸೂ ಇರುತ್ತಿತ್ತು. ಅವ್ವ ಕೂಸನ್ನು ಎತ್ತಿಕೊಂಡು ಮುದ್ದು ಮಾಡಿ, ಒಂದು ಹಿಡಿ ಅಳ್ಳು ತಿಂದು, ಉಳಿದಿದ್ದನ್ನು ನನ್ನ ಕಡೆ ಸರಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ. ಅತ್ತೆಯ ಕೈಯ ಅಳ್ಳು ಅವ್ವನ ಅಳ್ಳಿಗಿಂತ ಚೆನ್ನಾಗಿರುತ್ತಿದ್ದವು, ಅದನ್ನು ಮಾತ್ರ ನಾನು ಯಾರ ಮುಂದೆಯೂ ಹೇಳಲಿಲ್ಲ.