ಮಗಳು ಸೋಲಲಿ ಎಂದು ಬೇಡಿಕೊಂಡೆ

ಮೈಲಾರಲಿಂಗನನ್ನು ನಂಬಿದವರಿಗೆಲ್ಲ ಶರಣು. ನಾನು ರಾಣೆಬೆನ್ನೂರಿನಲ್ಲಿ ಬಟ್ಟೆ ಹೊಲಿಯುವವಳು. ತವರು ಗಳಗನಾಥ. ನನಗೆ ಒಂಬತ್ತು ವರ್ಷವಿದ್ದಾಗ ನನ್ನ ಅಣ್ಣ ಅಲ್ಲಿಯ ಹೊಳೆಯಲ್ಲಿ ಮುಳುಗಿ ತೀರಿಕೊಂಡ. ಅವನ ಅಂಗಿ ಹಿಡಿದುಕೊಂಡು ನಾನು ದಂಡೆಯಲ್ಲಿ ಕುಳಿತಿದ್ದೆ. ಆಮೇಲೆ ಮೂವತ್ತು ವರ್ಷ ನೀರಿನ ಹತ್ತಿರ ಸುಳಿಯಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಮಗಳು ಪಲ್ಲವಿ ಹಾವೇರಿಯ ಸೋದರತ್ತೆಯ ಮನೆಗೆ ಹೋದವಳು, ನನಗೆ ಹೇಳದೆ ಅಲ್ಲಿನ ಈಜುಕೊಳದಲ್ಲಿ ಈಜು ಕಲಿತಳು. ಶಾಲೆ ಶುರುವಾದ ಮೇಲೆ ಒಂದು ಅರ್ಜಿ ತಂದಳು.

“ಜಿಲ್ಲಾ ಸ್ಪರ್ಧೆ ಐತವ್ವ. ಐವತ್ತು ಮೀಟರ್. ಸಹಿ ಮಾಡು.”

ನಾನು ಮಾಡಲಿಲ್ಲ. ನನ್ನ ಯಜಮಾನರು ಮಾಡಿದರು. “ಈಜು ಬಂದಾಕಿ ಮುಳುಗಂಗಿಲ್ಲ ಬಿಡು,” ಎಂದರು. ನಮ್ಮಣ್ಣನಿಗೂ ಈಜು ಬರುತ್ತಿತ್ತು.

ಆ ಭಾನುವಾರ ಮಗಳನ್ನು ಕರೆದುಕೊಂಡು ದೇವರಗುಡ್ಡದ ಮೈಲಾರಲಿಂಗನ ಗುಡಿಗೆ ಹೋದೆ. “ಅಪ್ಪಾ, ಈಕಿ ಸೋಲಲಿ. ಒಮ್ಮೆ ಸೋತರ ನೀರಿನ ಹುಚ್ಚು ಬಿಡತೈತಿ,” ಎಂದು ಬೇಡಿಕೊಂಡೆ. ಆಗ ನನಗೆ ನಾಚಿಕೆಯೇನೂ ಆಗಲಿಲ್ಲ.

ಸ್ಪರ್ಧೆಯ ದಿನ ಹಾವೇರಿಗೆ ಹೋಗುವುದಿಲ್ಲವೆಂದು ಕುಳಿತವಳು ಕೊನೆಗೆ ಬಸ್ಸು ಹತ್ತಿದೆ. ಕೊಳದ ಗೇಟಿನ ಬಳಿಯೇ ನಿಂತೆ. ಆರು ಹುಡುಗಿಯರು. ಸೀಟಿ ಊದಿದಾಗ ಉಳಿದವರೆಲ್ಲ ಹಾರಿದ ಮೇಲೆ ಪಲ್ಲವಿ ಹಾರಿದಳು. ಅರ್ಧದಾರಿಯಲ್ಲಿ ಅವಳ ಈಜು ಕನ್ನಡಕದೊಳಗೆ ನೀರು ತುಂಬಿತು. ಏನೂ ಕಾಣದೆ ಪಕ್ಕದ ಹಗ್ಗ ಹಿಡಿದು ನಿಂತುಬಿಟ್ಟಳು.

ನಾನು ಕೇಳಿದ್ದನ್ನು ದೇವರು ನನ್ನ ಕಣ್ಣೆದುರೇ ಕೊಟ್ಟಿದ್ದ. ಕೈ ಮುಗಿಯಬೇಕಿತ್ತು. ಆದರೆ ನಾನು ಓಡಿದೆ.

“ಬಿಡಬ್ಯಾಡ, ಪಲ್ಲವಿ. ಕನ್ನಡಕ ಮ್ಯಾಲ ಸರಿಸು. ಕೈ ಹೊಡಿ,” ಎಂದು ಕೂಗುತ್ತಿದ್ದುದು ನನ್ನದೇ ದನಿ.

ಅವಳು ಕನ್ನಡಕ ಹಣೆಗೆ ಸರಿಸಿ ಉಳಿದರ್ಧ ಈಜಿದಳು. ಎಲ್ಲರಿಗಿಂತ ಕೊನೆಗೆ ಬಂದಳು. ಅವಳ ರಟ್ಟೆ ಹಿಡಿದು ಮೇಲೆಳೆದುಕೊಂಡಾಗ ನೋಡಿದರೆ, ನಾನು ಕೊಳದ ಅಂಚಿನಲ್ಲೇ ನಿಂತಿದ್ದೆ. ಚಪ್ಪಲಿ, ಸೀರೆಯ ಅಂಚು ಎಲ್ಲ ತೊಯ್ದಿತ್ತು.

ಅಲ್ಲಿ ಈಜು ಕಲಿಸುವ ಬ್ಯಾಡಗಿಯ ಮೇಡಂ ನನ್ನನ್ನು ನೋಡಿ, “ಹೆಣ್ಮಕ್ಕಳ ಬ್ಯಾಚ್ ಐತ್ರಿ. ನೀವೂ ಬರ್ರಿ,” ಎಂದರು. ಆ ಮುಂದಿನ ಶನಿವಾರದಿಂದ ಇಬ್ಬರೂ ಹೋಗುತ್ತಿದ್ದೇವೆ. ಎರಡನೆಯ ಸ್ಪರ್ಧೆಯಲ್ಲಿ ಪಲ್ಲವಿ ನಾಲ್ಕನೆಯವಳಾದಳು. ನಾನು ಈಗ ತೇಲಬಲ್ಲೆ.

ಮೊನ್ನೆ ದೇವರಗುಡ್ಡದಲ್ಲಿ ಮಗಳಿಗೆ ಹೇಳಿಬಿಟ್ಟೆ: “ಅವತ್ತ ನೀ ಸೋಲಲಿ ಅಂತ ಬೇಡಕೊಂಡಿದ್ದೆ.”

“ಗೊತ್ತೈತಿ. ಬಾಜೂಕ ನಿಂತಿದ್ನಲ್ಲ, ಜೋರಾಗೇ ಅಂದಿದ್ದಿ.”

“ಮತ್ತ ಸುಮ್ಮನ ಯಾಕ ಇದ್ದಿ?”

“ನಾನೂ ಬೇಡಕೊಂಡಿದ್ದೆ. ನೀ ನೋಡಾಕ ಬರಲಿ ಅಂತ.”

ಇಬ್ಬರ ಮಾತನ್ನೂ ಅವನು ನಡೆಸಿಕೊಟ್ಟ. ಈಗ ಅವನೆದುರು ನಿಂತು ಇಂಥದ್ದೇ ಆಗಲಿ ಎಂದು ಕೇಳುವುದಿಲ್ಲ. ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು, ಕೈ ಮುಗಿದು ಬರುತ್ತೇನೆ.