ಕತ್ತಲಲ್ಲಿ ಓಡಿದ ಗೆಜ್ಜೆ

ನನ್ನ ಬಲಗಿವಿ ಹೋಗಿದೆ ಎಂಬುದು ಒಂದು ಬೆಳಿಗ್ಗೆ ಫೋನಿನಲ್ಲಿ ಮಾತಾಡುವಾಗ ಗೊತ್ತಾಯಿತು. ಆ ಕಡೆಯವರ ದನಿ ಇದ್ದಕ್ಕಿದ್ದಂತೆ ನಿಂತಿತು. ಫೋನು ಕೆಟ್ಟಿತೆಂದು ಬೈದುಕೊಂಡು ಎಡಗಿವಿಗೆ ಇಟ್ಟುಕೊಂಡರೆ, ಅವರು ಮಾತಾಡುತ್ತಲೇ ಇದ್ದರು. ಡಾಕ್ಟರು ನರದ ತೊಂದರೆ ಎಂದರು, ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಕೊನೆಗೆ, "ಇನ್ನೊಂದು ಕಿವಿ ಫಸ್ಟ್ ಕ್ಲಾಸಾಗಿದೆಯಲ್ಲ ಮೇಡಂ" ಎಂದು ಸಮಾಧಾನ ಹೇಳಿ ಕಳಿಸಿದರು.

ಒಂದು ಕಿವಿ ಹೋದರೆ ಅರ್ಧ ಕೇಳಿಸುತ್ತದೆ ಎಂದು ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಕೇಳಿಸುವುದೇನೋ ಬಹುಮಟ್ಟಿಗೆ ಎಲ್ಲ ಕೇಳಿಸುತ್ತದೆ. ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಮಾಗಡಿ ರಸ್ತೆಯಲ್ಲಿ ಹಾರ್ನ್ ಕೇಳಿದರೆ ಬಸ್ಸು ಹಿಂದಿದೆಯೋ ಮುಂದಿದೆಯೋ ಗೊತ್ತಾಗದೆ ಬೆಚ್ಚಿ ನಿಂತುಬಿಡುತ್ತಿದ್ದೆ. ತರಕಾರಿ ಅಂಗಡಿಯಲ್ಲಿ ಪರಿಚಯದವರು ಕರೆದರೆ ಎಡಕ್ಕೇ ತಿರುಗುತ್ತಿದ್ದೆ, ಅವರು ಬಲಕ್ಕೆ ನಿಂತಿದ್ದರೂ. ಮದುವೆಮನೆಗಳಿಗೆ ಹೋಗುವುದನ್ನಂತೂ ಬಿಟ್ಟೇಬಿಟ್ಟೆ. ಓಲಗ, ಪಾತ್ರೆ, ಮಾತು, ನಗು ಎಲ್ಲ ಸೇರಿ ಒಂದೇ ಮುದ್ದೆಯಾಗಿ ತಲೆಯೊಳಗೆ ಬಂದು ಕೂತುಕೊಳ್ಳುತ್ತಿತ್ತು. ಎದುರಿಗಿದ್ದವರ ಬಾಯಿ ಆಡುವುದನ್ನು ನೋಡುತ್ತಾ ಸುಮ್ಮನೆ ನಗುತ್ತಿದ್ದೆ.

ಹೀಗಿರುವಾಗ ಕೆಂಗೇರಿಯಲ್ಲಿರುವ ನನ್ನ ನಾದಿನಿ ಫೋನ್ ಮಾಡಿದಳು. ಗಂಡನ ತಂಗಿ, ನನಗಿಂತ ಚಿಕ್ಕವಳು. ಊರಲ್ಲಿ ಯಾವ ಮೂಲೆಯಲ್ಲಿ ಏನು ನಡೆದರೂ ಅವಳಿಗೆ ಗೊತ್ತು.

"ಅತ್ತಿಗೆ, ಭಾನುವಾರ ಫ್ರೀ ಇಟ್ಕೊಳ್ಳಿ. ರಾಜಾಜಿನಗರದಲ್ಲಿ ಒಂದು ನಾಟಕ. ಪೂರ್ತಿ ಕತ್ತಲು. ಏನೂ ಕಾಣ್ಸಲ್ವಂತೆ, ಬರೀ ಕೇಳೋದು. ಸುತ್ತ, ಮೇಲೆ, ಕೆಳಗೆ, ಎಲ್ಲಾ ಕಡೆಯಿಂದ ಸೌಂಡ್ ಬರುತ್ತಂತೆ."

"ನನ್ನ ಕರ್ಕೊಂಡು ಹೋಗಿ ಏನ್ ಮಾಡ್ತೀಯೇ? ನಂಗೆ ಸುತ್ತ ಅನ್ನೋದೇ ಇಲ್ವಲ್ಲ."

"ಅಯ್ಯೋ, ಟಿಕೆಟ್ ತಗೊಂಡ್ಬಿಟ್ಟೆ. ಕತ್ತಲಲ್ಲಿ ಒಬ್ಬಳೇ ಕೂತ್ಕೊಳ್ಳೋಕೆ ನಂಗೆ ಭಯ ಆಗುತ್ತೆ ಕಣ್ರೀ ಅತ್ತಿಗೆ, ಬನ್ನಿ."

ಭಯವಂತೆ! ಅವಳು ಹಾವು ಹಿಡಿಯುವವನ ಪಕ್ಕದಲ್ಲಿ ನಿಂತು ಬುಟ್ಟಿ ಹಿಡಿದುಕೊಂಡವಳು. ಆದರೂ ಹೋದೆ.

ಅದು ಥಿಯೇಟರ್ ಎನ್ನುವಂಥ ಥಿಯೇಟರ್ ಅಲ್ಲ. ಕೈಗಾರಿಕಾ ಬಡಾವಣೆಯಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯ ಶೆಡ್ಡು. ಗೋಡೆಗೆಲ್ಲ ಕಪ್ಪು ಬಟ್ಟೆ, ನೆಲಕ್ಕೆ ಮರದ ಹಲಗೆ, ಶೀಟಿನ ಸೂರಿನ ಕೆಳಗೆ ಕಂಬಿಗಳಿಂದ ಇಳಿಬಿಟ್ಟ ಸ್ಪೀಕರುಗಳು. ವೇದಿಕೆ ಎಂಬುದೇ ಇಲ್ಲ. ನಡುವೆ ಅಲ್ಲೊಂದು ಇಲ್ಲೊಂದು ಎಂಬಂತೆ ಆಫೀಸಿನಲ್ಲಿರುವಂಥ ತಿರುಗುವ ಕುರ್ಚಿಗಳು.

ಬಾಗಿಲಲ್ಲಿ ಕಪ್ಪು ಟೀ ಶರ್ಟಿನ ಹುಡುಗಿಯೊಬ್ಬಳು ಎಲ್ಲರ ಮೊಬೈಲು ಆಫ್ ಮಾಡಿಸುತ್ತಿದ್ದಳು. ಈ ನಾಟಕದ ಶಬ್ದವನ್ನೆಲ್ಲ ಕಟ್ಟಿದವಳು ಅವಳೇ ಎಂದು ನಾದಿನಿ ಪಿಸುಗುಟ್ಟಿದಳು. ನಾನು ಅವಳ ಹತ್ತಿರ ಹೋಗಿ, "ನಂಗೆ ಒಂದು ಕಿವಿ ಕೇಳ್ಸಲ್ಲ ಕಣಮ್ಮ. ನಾನು ಹೊರಗಡೆ ಕೂತಿರ್ತೀನಿ, ಪರವಾಗಿಲ್ಲ" ಎಂದೆ.

ಸಾಮಾನ್ಯವಾಗಿ ಇದನ್ನು ಹೇಳಿದ ಕೂಡಲೇ ಜನರ ಮುಖ ಬಾಡುತ್ತದೆ, ಇಲ್ಲವೇ ಅವರು ಕಿರುಚಿ ಮಾತಾಡಲು ಶುರುಮಾಡುತ್ತಾರೆ. ಈ ಹುಡುಗಿ ಎರಡನ್ನೂ ಮಾಡಲಿಲ್ಲ. "ಯಾವ ಕಿವಿ ಮೇಡಂ?" ಎಂದಳು. ಬಲಗಡೆಯದು ಎಂದೆ. ಅವಳು ಶೆಡ್ಡಿನೊಳಗೊಮ್ಮೆ ಕಣ್ಣಾಡಿಸಿ ಯೋಚಿಸಿದಳು.

"ನಿಮಗೆ ಹೇಗೆ ಕೇಳ್ಸುತ್ತೋ ನಂಗೂ ಗೊತ್ತಿಲ್ಲ. ಒಂದ್ ಕೆಲ್ಸ ಮಾಡಿ. ಬೇರೆಯವ್ರ ಥರ ಸುಮ್ನೆ ಕೂರ್ಬೇಡಿ, ಕುರ್ಚಿ ತಿರುಗಿಸ್ತಾ ಇರಿ. ಕೊನೇಲಿ ನಂಗೆ ಹೇಳಿ, ಆಯ್ತಾ?" ಎಂದು ಕೈಹಿಡಿದು ಕರೆದುಕೊಂಡು ಹೋಗಿ ಸರಿಯಾಗಿ ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ನಾದಿನಿ ನನ್ನ ಎಡಕ್ಕೆ ಕೂತಳು.

ದೀಪ ಆರಿತು. ಕರೆಂಟು ಹೋದಾಗ ಆಗುವ ಕತ್ತಲಲ್ಲ ಅದು. ಮುಖದ ಮುಂದೆ ಕೈ ಆಡಿಸಿದರೂ ಕಾಣಲಿಲ್ಲ. ಆಮೇಲೆ, ಬಹಳ ದೂರದಲ್ಲಿ ಎಂಬಂತೆ, ಯಾರೋ ತೆಂಗಿನಕಾಯಿ ತುರಿಯತೊಡಗಿದರು.

ಕತೆ ಸರಳವಾದದ್ದು. ಮದುವೆಯ ಹಿಂದಿನ ದಿನ, ಛತ್ರವೊಂದರಲ್ಲಿ ಚಪ್ಪರದ ಕೆಲಸ, ಅಡುಗೆಯ ಕೆಲಸ ಜೋರಾಗಿ ನಡೆದಿದೆ. ಆ ಗದ್ದಲದಲ್ಲಿ ಅಜ್ಜಿಯೊಬ್ಬಳು ಮೊಮ್ಮಗಳನ್ನು ಹುಡುಕುತ್ತಿದ್ದಾಳೆ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಮಗು ಕಾಲಿಗೆ ಗೆಜ್ಜೆ ಕಟ್ಟಿಕೊಂಡಿದೆ. ಅಜ್ಜಿಯ ಜೊತೆ ನಾವೂ ಆ ಗೆಜ್ಜೆಯ ಬೆನ್ನು ಹತ್ತಬೇಕು.

ಮದುವೆಮನೆ ಎಂದು ಗೊತ್ತಾದ ಕೂಡಲೇ ನನಗೆ ಎದ್ದು ಹೋಗಬೇಕೆನಿಸಿತು. ನಾನು ತಪ್ಪಿಸಿಕೊಂಡು ತಿರುಗುತ್ತಿದ್ದ ಅದೇ ಗದ್ದಲ! ಪಾತ್ರೆಗಳು ಉರುಳಿದವು, ಬಾಣಲೆಯಲ್ಲಿ ಎಣ್ಣೆ ಚರ್ ಎಂದಿತು, ಹೆಂಗಸರು ಹೂ ಕಟ್ಟುತ್ತಾ ಜಗಳವಾಡಿದರು. ಎಲ್ಲವೂ ಎಡಗಿವಿಯೊಳಕ್ಕೆ ಒಟ್ಟಿಗೆ ನುಗ್ಗಿದವು. ನಾದಿನಿ "ಅಬ್ಬಾ, ಹಿಂದುಗಡೆ ನೋಡಿ ಅತ್ತಿಗೆ!" ಎಂದಳು. ನನಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಆಗ ಆ ಹುಡುಗಿ ಹೇಳಿದ್ದು ನೆನಪಾಗಿ ಪಾದದಿಂದ ನೆಲವನ್ನೊತ್ತಿ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿದೆ.

ಎಣ್ಣೆಯ ಸದ್ದು ಮೆತ್ತಗಾಯಿತು. ಇನ್ನೂ ತಿರುಗಿದೆ, ಬಹುಮಟ್ಟಿಗೆ ಅಡಗಿತು. ಅದು ಅಡಗಿದ ಜಾಗದಲ್ಲಿ ಹೂ ಕಟ್ಟುವವರ ಜಗಳ ಮೇಲೆದ್ದು ಬಂತು. ವಾಪಸು ತಿರುಗಿದರೆ ಅಡುಗೆಮನೆ ಮತ್ತೆ ಹತ್ತಿರವಾಯಿತು. ಛತ್ರದಲ್ಲಿ ಒಂದು ಮೂಲೆ ಇತ್ತು, ಅಲ್ಲಿ ಒಲೆ ಇತ್ತು! ಅದರ ಎದುರಿಗೆ ಇನ್ನೊಂದು ಮೂಲೆ. ಬೇರೆಯವರಿಗೆ ಕೂತಲ್ಲೇ ಸಿಕ್ಕಿದ್ದನ್ನು ನಾನು ತಿರುಗಿ ತಿರುಗಿ ಒಂದೊಂದಾಗಿ ಕಟ್ಟಿಕೊಂಡೆ. ಮರದ ಹಲಗೆಯ ಕೆಳಗಿನಿಂದ ಡೋಲಿನ ಪೆಟ್ಟು ಅಂಗಾಲಿಗೆ ತಾಗುತ್ತಿತ್ತು. ಅದನ್ನು ಕೇಳಲು ಕಿವಿಯೇ ಬೇಕಿರಲಿಲ್ಲ.

ಅಷ್ಟರಲ್ಲಿ ಗೆಜ್ಜೆ ಓಡಿತು. ನಾನೂ ತಿರುಗಿದೆ. ಜೋರಾಯಿತು, ಕಳೆದುಹೋಯಿತು, ಮತ್ತೆ ಸಿಕ್ಕಿತು. ಒಮ್ಮೆ ಅದು ನನ್ನ ಮೊಣಕಾಲಿಗೆ ಇಷ್ಟೇ ದೂರದಲ್ಲಿ ಹಾದುಹೋಯಿತು, ಗಾಳಿ ಬೀಸಿದ ಹಾಗೂ ಆಯಿತು. ಅಜ್ಜಿ "ಪುಟ್ಟೀ, ಎಲ್ಲಿದೀಯೇ?" ಎಂದು ಕೂಗುತ್ತಾ ನಮ್ಮ ನಡುವೆಯೇ ಎಲ್ಲೋ ಅಲೆಯುತ್ತಿದ್ದಳು. ಆಗ ಸೂರಿನ ಶೀಟಿನ ಮೇಲೆ ಮಳೆ ಬಿತ್ತು. ಮೊದಲು ನಾಲ್ಕು ಹನಿ, ಆಮೇಲೆ ಧೋ ಎಂದು.

"ಅತ್ತಿಗೆ, ಮಹಡಿ ಮೇಲೆ ಬಟ್ಟೆ ಒಣಗಾಕಿ ಬಂದಿದೀನಿ!" ನಾದಿನಿ ನಿಜವಾದ ಗಾಬರಿಯಿಂದ ನನ್ನ ತೋಳು ಹಿಡಿದಳು. ಹತ್ತಿರದ ಕುರ್ಚಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಳೆಗೆ ಮದುವೆಮನೆಯ ಸದ್ದೆಲ್ಲ ಒಂದೊಂದಾಗಿ ನಿಂತಿತು. ಕೊನೆಗೆ ಮಳೆಯೂ ನಿಂತಿತು. ಏನೂ ಇಲ್ಲ. ಆ ಮೌನದಲ್ಲಿ ಎಲ್ಲೋ ಒಂದು ಪುಟ್ಟ ಉಸಿರು, ನಗು ತಡೆದುಕೊಳ್ಳುತ್ತಿರುವ ಮಗುವಿನದು. ನಾನು ಕುರ್ಚಿಯನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಸರಿಸಿದೆ. ಉಸಿರು ತೀರ ಸ್ಪಷ್ಟವಾದ ಕಡೆ ನಿಲ್ಲಿಸಿದೆ. "ಸಿಕ್ಕಿದ್ಯಾ ಕಳ್ಳಿ!" ಎಂದಳು ಅಜ್ಜಿ. ಮಗು ಕಿಲಕಿಲ ನಕ್ಕಿತು.

ದೀಪ ಬಂದಾಗ ಎಲ್ಲರೂ ಹೆಚ್ಚುಕಡಿಮೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ನಾನೊಬ್ಬಳೇ ಹಿಂಗೋಡೆಗೆ ಎಡಗಿವಿ ಕೊಟ್ಟು, ಮಾತು ಕದ್ದು ಕೇಳುವವಳ ಹಾಗೆ ಕೂತಿದ್ದೆ. ನೆಲದ ಮೇಲೆ ಬರಿಗಾಲಲ್ಲಿ ಮೂರೇ ಜನ ನಟರು ನಿಂತಿದ್ದರು. ಇಡೀ ಛತ್ರ ಅಷ್ಟೇ! ಅಜ್ಜಿಯೆಂದು ನಾನು ನಂಬಿದ್ದವಳಿಗೆ ಇಪ್ಪತ್ತೈದು ಆಗಿದ್ದರೆ ಹೆಚ್ಚು. ಗೆಜ್ಜೆಯನ್ನು ಕೈಯಲ್ಲಿ ಹಿಡಿದಿದ್ದವನಿಗೆ ಗಡ್ಡವಿತ್ತು. ನಾವೆಲ್ಲ ಚಪ್ಪಾಳೆ ತಟ್ಟುತ್ತಾ ನಕ್ಕೆವು.

ಬಾಗಿಲಲ್ಲಿದ್ದ ಆ ಹುಡುಗಿ ಬಂದು ನನ್ನ ಎಡಕ್ಕೆ ಕುಕ್ಕರಗಾಲಲ್ಲಿ ಕೂತಳು. "ಹೇಳಿ ಮೇಡಂ, ಕೊನೇಲಿ ಮಗು ಎಲ್ಲಿತ್ತು?"

ನಾನು ಹಿಂದಿನ ಮೂಲೆಯತ್ತ ಕೈ ತೋರಿಸಿದೆ. ಅವಳು ಎದ್ದುಹೋಗಿ ಅಲ್ಲಿ ಕಪ್ಪು ಬಟ್ಟೆ ಸರಿಸಿದಳು. ಕೆಳಗೆ, ಮಗುವೊಂದು ಮುದುಡಿ ಕೂತರೆ ಎಷ್ಟು ಎತ್ತರವಿರುತ್ತದೋ ಅಷ್ಟು ಎತ್ತರದಲ್ಲಿ, ಒಂದು ಚಿಕ್ಕ ಸ್ಪೀಕರು. ಎಷ್ಟೋ ಛತ್ರಗಳಿಗೆ ಅಲೆದು, ಅಡುಗೆಮನೆಗಳಲ್ಲಿ ಮೈಕು ತೂಗುಹಾಕಿ ಅವಳು ಆ ಸದ್ದುಗಳನ್ನು ತಂದಿದ್ದಳಂತೆ. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ಚೆನ್ನಾಗಿ ಮಾಡಿದೀಯ ಕಣಮ್ಮ" ಎಂದೆ.

ಹೊರಗೆ ಬಂದರೆ ರಸ್ತೆ ಒಣಗಿ ಧೂಳೇಳುತ್ತಿತ್ತು. ನಾದಿನಿ ಆಕಾಶ ನೋಡಿ ನಾಚಿಕೊಂಡಳು. ಹತ್ತಿರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಅವಳು ಮಾತಾಡುತ್ತಲೇ ಇದ್ದಳು. ನಾನು ಅವಳಿಗೆ ಉತ್ತರಿಸುತ್ತಾ ನಿಂತಲ್ಲೇ ಮೆಲ್ಲಗೆ ತಿರುಗಿ ನೋಡಿದೆ. ಲೋಟ ತೊಳೆಯುವ ಸದ್ದು ಆ ಕಡೆ, ದೋಸೆಕಾವಲಿ ಈ ಕಡೆ. ಪಕ್ಕದವರೊಬ್ಬರು, ಈ ಹೆಂಗಸು ಯಾಕೆ ಹೀಗೆ ಸುತ್ತುತ್ತಿದ್ದಾಳೆ ಎಂಬಂತೆ ನೋಡಿದರು. ನೋಡಲಿ ಎಂದುಕೊಂಡೆ.

ಮುಂದಿನ ವಾರ ಮನೆಯವರನ್ನು ಎಳೆದುಕೊಂಡು ಹೋದೆ. ಟಿಕೆಟ್ ನಾನೇ ಕೊಂಡೆ. ಕತ್ತಲಲ್ಲಿ ನಿದ್ದೆ ಮಾಡಿಬಿಡುತ್ತಾರೇನೋ ಎಂದುಕೊಂಡಿದ್ದೆ. ಇಲ್ಲ, ಅವರ ಕುರ್ಚಿ ನನ್ನದಕ್ಕಿಂತ ಹೆಚ್ಚು ಕಿರುಗುಟ್ಟಿತು. ಆಟ ಮುಗಿದು ಮೆಟ್ರೋದಲ್ಲಿ ವಿಜಯನಗರಕ್ಕೆ ಬರುವಾಗ, ಮಗು ಊಟದ ಮನೆಯಿಂದ ಓಡಿ ಅಂಗಳಕ್ಕೆ ಬಂತು ಎಂದು ಅವರು ಸಾಧಿಸಿದರು.

"ಅಂಗಳ ಎಲ್ಲಿತ್ತು ರೀ? ಅದು ಉಗ್ರಾಣ. ಅಕ್ಕಿ ಮೂಟೆ ಎಳೆದಿದ್ದು ಕೇಳ್ಲಿಲ್ವಾ?"

"ಮೂಟೆನಾ? ಯಾವ ಮೂಟೆ?" ಎಂದು ಎರಡೂ ಕಿವಿ ನೆಟ್ಟಗಿರುವ ಮನುಷ್ಯ ನನ್ನನ್ನು ಕೇಳಿದರು.