ಗಿಡದಲ್ಲೇ ಅರಳಿದ ಮಲ್ಲಿಗೆ

ಅಕ್ಕ ತೀರಿಕೊಂಡ ದಿನಗಳಲ್ಲಿ ನನಗೆ ಸರಿಯಾಗಿ ನೆನಪಿರುವುದು ಬೆಕ್ಕಿನ ಮರಿಗಳು ಮಾತ್ರ. ಹೀಗೆ ಹೇಳಿದರೆ ಕೇಳಿದವರಿಗೆ ಸರಿ ಕಾಣುವುದಿಲ್ಲ, ಆದರೆ ಇದ್ದದ್ದೇ ಹಾಗೆ. ಮಣಿಪಾಲದ ಆಸ್ಪತ್ರೆಯಿಂದ ಆಂಬುಲೆನ್ಸ್ ಬಂದು ಅಂಗಳದಲ್ಲಿ ನಿಂತಾಗ ಯಾರು ನನ್ನ ಕೈ ಹಿಡಿದರು, ಯಾರು ನೀರು ಕೊಟ್ಟರು, ಒಂದೂ ನೆನಪಿಲ್ಲ. ಬಚ್ಚಲಿನ ಕಟ್ಟಿಗೆ ರಾಶಿಯ ಸಂದಿಯಿಂದ ಮೂರು ಮರಿಗಳು ಮೊದಲ ಸಲ ಹೊರಗೆ ಬಂದದ್ದು, ಮೆಟ್ಟಿಲ ಬಳಿ ಜನ ಬಿಟ್ಟಿದ್ದ ಚಪ್ಪಲಿಗಳ ನಡುವೆ ಹಾರಿ ಹಾರಿ ಆಡಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಕಾಪುವಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಇದ್ದವರು ನಾವು ಅಕ್ಕತಂಗಿ ಇಬ್ಬರೇ. ಅಕ್ಕ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಾನು ಮದುವೆಯ ಗೋಜಿಗೇ ಹೋಗದವಳು. ಮನೆಯ ಸುತ್ತ ಮಲ್ಲಿಗೆ ಗಿಡಗಳು. ಬೆಳಗಾಗುವ ಹೊತ್ತಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಸ್ಕೂಟರಿನಲ್ಲಿ ಬರುವ ಹೂವಿನವನ ಕೈಗೆ ಕೊಟ್ಟರೆ ಅರ್ಧ ದಿನ ಗೆದ್ದ ಹಾಗೆ. ಮಲ್ಲಿಗೆ ಬೆಳೆಯುವ ನಾವು ಅರಳಿದ ಮಲ್ಲಿಗೆಯನ್ನು ನೋಡುವುದು ಬೇರೆಯವರ ತಲೆಯಲ್ಲಿ. ಗಿಡದಲ್ಲಿ ಅರಳಿದ್ದು ಕಂಡರೆ ಆ ಮನೆಯ ಹೆಂಗಸರು ಸೋಮಾರಿಗಳು ಎಂದು ಊರು ತೀರ್ಮಾನಿಸುತ್ತದೆ. ಅಕ್ಕನಂತೂ ಮೈಯಲ್ಲಿ ಜ್ವರ ಇದ್ದರೂ ತಲೆಗೆ ಬೈರಾಸು ಸುತ್ತಿಕೊಂಡು ಗಿಡಗಳ ನಡುವೆ ನಿಲ್ಲುತ್ತಿದ್ದಳು. ನಾನು ತಡವಾಗಿ ಎದ್ದರೆ ಬೆಕ್ಕಿಗೆ ಬೈಯುವ ನೆಪದಲ್ಲಿ ನನಗೆ ಬೈಯುತ್ತಿದ್ದಳು.

ಸೂತಕದ ಮನೆಯಿಂದ ಹೂವು ಹೊರಗೆ ಹೋಗಬಾರದು. ನಮ್ಮ ಹೂವು ದೇವಸ್ಥಾನಕ್ಕೂ ಹೋಗುತ್ತದೆ, ದೈವಸ್ಥಾನಕ್ಕೂ ಹೋಗುತ್ತದೆ; ಮೈಲಿಗೆಯ ಹೂವನ್ನು ಗೊತ್ತಿದ್ದೂ ಯಾರು ಮುಟ್ಟುತ್ತಾರೆ? ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಬೊಜ್ಜ ಮುಗಿಯುವವರೆಗೆ ಹೂವಿನವನು ನಮ್ಮ ಗೇಟಿನ ಮುಂದೆ ಸ್ಕೂಟರನ್ನು ನಿಧಾನ ಕೂಡ ಮಾಡಲಿಲ್ಲ. ಮೊಗ್ಗುಗಳೆಲ್ಲ ಸಂಜೆ ಗಿಡದಲ್ಲೇ ಅರಳಿದವು, ಮರುದಿನ ಉದುರಿದವು, ಮತ್ತೆ ಬೇರೆ ಅರಳಿದವು. ತೋಟವೆಲ್ಲ ಬೆಳ್ಳಗಾಯಿತು. ಬಂದವರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ, ಎಷ್ಟು ಚಂದ ಉಂಟು ಎಂದರು. ಚಂದ ಇದ್ದಿರಬೇಕು. ನಾನು ಜಗಲಿಯಲ್ಲಿ ಕುಳಿತು ನೋಡುತ್ತಿದ್ದೆ, ಗೋಡೆಯನ್ನು ನೋಡಿದ ಹಾಗೆ.

ಮರಿಗಳಿಗೆ ಮಾತ್ರ ಅದು ಹಬ್ಬ. ಉದುರಿದ ಹೂವನ್ನು ಮುಂಗೈಯಿಂದ ತಳ್ಳುವುದು, ಗಾಳಿಗೆ ಅದು ಕದಲಿದರೆ ಹೆದರಿ ಅಡ್ಡಡ್ಡ ನೆಗೆಯುವುದು, ಆಮೇಲೆ ಒಂದರ ಬಾಲವನ್ನು ಇನ್ನೊಂದು ಹಿಡಿಯುವುದು. ತಾಯಿ ಬೆಕ್ಕಿಗೆ ಅಷ್ಟು ಖುಷಿ ಇರಲಿಲ್ಲ. ಸೂತಕದಲ್ಲಿ ಮನೆಗೆ ಮೀನು ತರುವಂತಿಲ್ಲ. ಬುಟ್ಟಿ ಹೊತ್ತ ಮೀನಿನವಳು ನಮ್ಮ ಗೇಟಿನ ಮುಂದೆ ಕೂಗದೆ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದಳು, ಬೆಕ್ಕು ಅವಳ ಹಿಂದೆಯೇ ಸ್ವಲ್ಪ ದೂರ ಹೋಗಿ ಮುಖ ಸಣ್ಣದು ಮಾಡಿಕೊಂಡು ವಾಪಸು ಬರುತ್ತಿತ್ತು. ಅನ್ನಕ್ಕೆ ತೊವ್ವೆ ಕಲಸಿ ಹಾಕಿದರೆ ಮೂಸಿ ನೋಡಿ, ನನ್ನನ್ನೊಮ್ಮೆ ನೋಡಿ, ಪಕ್ಕದ ಮನೆಗೆ ನಡೆಯುತ್ತಿತ್ತು.

ನೆಂಟರು ಬರುತ್ತಲೇ ಇದ್ದರು. ಶಾಮಿಯಾನದವರು ತಂದಿಟ್ಟ ಕೆಂಪು ಕುರ್ಚಿಗಳು ಖಾಲಿಯಾಗುತ್ತಿರಲಿಲ್ಲ. ಕಾರ್ಕಳದಿಂದ ಬಂದ ಚಿಕ್ಕಮ್ಮ ನನ್ನ ಎದುರು ಕುಳಿತು, ಅಕ್ಕನ ಗುಣವನ್ನು ಒಂದೊಂದಾಗಿ ಹೇಳಿ ಅಳಲು ಶುರು ಮಾಡಿದರು. ಅಷ್ಟರಲ್ಲಿ ಕಪ್ಪು ಮರಿ ಅವರ ಸೀರೆಯ ನೆರಿಗೆಗೆ ಉಗುರು ಹಾಕಿ ಹತ್ತತೊಡಗಿತು. ಅಳುವುದನ್ನು ನಿಲ್ಲಿಸಿದರೆ ಜನ ಎಂತ ಹೇಳಿಯಾರು, ಮರಿಯನ್ನು ಬಿಟ್ಟರೆ ಸೀರೆಯ ಗತಿ ಎಂತ? ಅವರು ಒಂದು ಕೈಯಲ್ಲಿ ಕಣ್ಣು ಒರೆಸುತ್ತ, ಇನ್ನೊಂದು ಕೈಯಲ್ಲಿ ಮರಿಯ ಕತ್ತು ಹಿಡಿದು ಕೆಳಗಿಡುತ್ತ, ಎರಡನ್ನೂ ನಿಭಾಯಿಸಿದರು. ಬೇರೆ ದಿನವಾಗಿದ್ದರೆ ನಾನು ಒಳಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಗು ಬರಲಿಲ್ಲ. ಅಳುವೂ ಬರಲಿಲ್ಲ. ಅತ್ತುಬಿಡು ಮಾರಾಯ್ತಿ, ಒಳಗೆ ಇಟ್ಟುಕೊಳ್ಳಬಾರದು ಎಂದು ಎಲ್ಲರೂ ಹೇಳಿದರು. ಒಳಗೆ ಏನಾದರೂ ಇದ್ದರಲ್ಲವೇ ಹೊರಗೆ ಹಾಕುವುದು. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೂ ತನ್ನದಲ್ಲವೆಂಬ ಹಾಗೆ, ನಾನು ಪೂರ್ತಿ ಹಾಗಿದ್ದೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹೂವು ಹೋಯಿತು, ನಾರು ಬಿದ್ದುಕೊಂಡಿತು. ಚಹಾ ಕುಡಿಯಿರಿ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಮರಿಗಳನ್ನು ನೋಡಿದವರಿಗೆಲ್ಲ ಅವು ಬೇಕು ಎನಿಸಿತು. ಬಜಗೋಳಿಯ ಅತ್ತಿಗೆಗೆ ಅಂದರೆ ದೊಡ್ಡಪ್ಪನ ಸೊಸೆಗೆ ಭತ್ತದ ಕೋಣೆಯಲ್ಲಿ ಇಲಿ ಕಾಟ, ಎರಡು ಮರಿ ತನಗೆ ಎಂದರು. ಕೆಮ್ಮಣ್ಣಿನಿಂದ ಬಂದಿದ್ದ ಅಕ್ಕನ ಗೆಳತಿ ಉಳಿದ ಒಂದನ್ನು ಕೇಳಿದರು. ಆದರೆ ಸೂತಕದ ಮನೆಯಿಂದ ಏನನ್ನೂ ಒಯ್ಯಬಾರದು, ಬೆಕ್ಕಾದರೂ ಅಷ್ಟೇ. ಬೊಜ್ಜದ ದಿನ ಊಟವಾದ ಮೇಲೆ ಒಯ್ಯುವುದೆಂದು ನಿಶ್ಚಯವಾಯಿತು.

ಅದೇ ದಿನಕ್ಕೆ ನನ್ನದೂ ನಿಶ್ಚಯವಾಗಿತ್ತು. ಮಣಿಪಾಲದಲ್ಲಿರುವ ತಮ್ಮ ನನ್ನನ್ನು ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋಗುವುದು, ಮನೆಗೆ ಬೀಗ ಹಾಕುವುದು, ಮಲ್ಲಿಗೆ ಗಿಡಗಳನ್ನು ನೋಡಿಕೊಳ್ಳುವವರು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಕಡಿಸುವುದು. ತಮ್ಮ ಕೆಟ್ಟವನಲ್ಲ. ಅವನ ಹೆಂಡತಿಯೂ ಒಳ್ಳೆಯವಳು, ನನಗಾಗಿ ಒಂದು ಕೋಣೆ ಖಾಲಿ ಮಾಡಿ ಹೊಸ ಹಾಸಿಗೆ ಕೂಡ ಹಾಕಿಸಿದ್ದಳು. ಇಬ್ಬರ ಕೆಲಸವನ್ನು ಒಬ್ಬಳು ಮಾಡಲಾಗುವುದಿಲ್ಲ, ಬೆಳಗ್ಗೆ ಕತ್ತಲಲ್ಲಿ ಗಿಡದ ಬುಡದಲ್ಲಿ ಹಾವು ಹರಿದರೆ ಕೂಗಿಕೊಂಡರೂ ಕೇಳುವವರಿಲ್ಲ ಎಂದು ತಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತಲೆ ಅಲ್ಲಾಡಿಸಿದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಾನು ತಲೆ ಅಲ್ಲಾಡಿಸುತ್ತಿದ್ದೆ. ಚೀಲಕ್ಕೆ ನಾಲ್ಕು ಸೀರೆ ಹಾಕಿಟ್ಟೆ.

ಬೊಜ್ಜದ ದಿನ ಎಲ್ಲ ಕ್ರಮಪ್ರಕಾರ ನಡೆಯಿತು. ಮಧ್ಯಾಹ್ನದ ಪಂಕ್ತಿ ಮುಗಿದು, ಬಾಡಿಗೆ ಪಾತ್ರೆಗಳನ್ನು ಟೆಂಪೋಗೆ ಏರಿಸುವಾಗ ಅತ್ತಿಗೆ ಗೋಣಿಚೀಲ ಹಿಡಿದುಕೊಂಡು ಬಂದರು. ಕಪ್ಪು ಮರಿ, ಪಟ್ಟೆ ಮರಿ ಎರಡೂ ಹೊಟ್ಟೆ ತುಂಬ ಪಾಯಸ ನೆಕ್ಕಿ ಮಲಗಿದ್ದವು, ಸುಲಭವಾಗಿ ಸಿಕ್ಕಿದವು. ಕೆಮ್ಮಣ್ಣಿನವರ ಪಾಲಿನ ಬಿಳಿ ಮರಿ ಮಾತ್ರ ಯಾವ ಸಂದಿಗೆ ಹೊಕ್ಕಿತೋ, ಮಕ್ಕಳೆಲ್ಲ ಹುಡುಕಿದರೂ ಕಾಣಲಿಲ್ಲ. ಅವರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಬೆಕ್ಕನ್ನು ಬೇರೆ ಮನೆಗೆ ಒಯ್ಯುವಾಗ ಗೇಟಿನ ಬಳಿ ಚೀಲವನ್ನು ಮೂರು ಸಲ ಗರಗರನೆ ತಿರುಗಿಸುವ ಪದ್ಧತಿ ನಮ್ಮಲ್ಲಿ ಉಂಟು. ದಿಕ್ಕು ತಪ್ಪಿದರೆ ಅದು ಹಳೆಯ ಮನೆಗೆ ದಾರಿ ಹುಡುಕುವುದಿಲ್ಲವಂತೆ. ಸಾಕಿದವರೇ ತಿರುಗಿಸಬೇಕು. ಅತ್ತಿಗೆ ಚೀಲವನ್ನು ನನ್ನ ಕೈಗೆ ಕೊಟ್ಟರು. ಒಂದು ಸಲ ತಿರುಗಿಸಿದೆ. ಒಳಗೆ ಮರಿಗಳು ಒಂದರ ಮೇಲೊಂದು ಬಿದ್ದದ್ದು, ಗೋಣಿಯನ್ನು ಉಗುರಿನಿಂದ ಹಿಡಿದುಕೊಳ್ಳಲು ನೋಡಿದ್ದು ಕೈಗೆ ಗೊತ್ತಾಯಿತು. ಎರಡನೆಯ ಸಲ ತಿರುಗಿಸಲು ಕೈ ಏಳಲಿಲ್ಲ. ತಮ್ಮ ನನ್ನ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದ.

"ನಾನು ಬರುವುದಿಲ್ಲ" ಎಂದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹತ್ತಿರ ಬಂದು, ಉಳಿದವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದ. "ಒಬ್ಬಳೇ ಇದ್ದು ಎಂತ ಮಾಡ್ತೀ ಅಕ್ಕ? ಇದು ನಿನ್ನಿಂದ ಆಗ್ತದಾ?"

"ನೋಡುವ."

ನಾನು ಹಟಕ್ಕೆ ಬಿದ್ದು ಹೇಳಿದ್ದೆಂದು ಅವನು ಇವತ್ತಿಗೂ ನಂಬಿದ್ದಾನೆ. ಹಟವೂ ಇಲ್ಲ, ಧೈರ್ಯವೂ ಇಲ್ಲ, ಬಾಯಿ ಹೇಳಿತು, ನಾನೂ ಎಲ್ಲರ ಹಾಗೆ ನಿಂತು ಕೇಳಿದೆ. ಅತ್ತಿಗೆ ಉಳಿದ ಎರಡು ಸುತ್ತನ್ನು ತಾವೇ ತಿರುಗಿಸಿ ಮರಿಗಳನ್ನು ಒಯ್ದರು. ತಮ್ಮ ಸೀರೆಯ ಚೀಲವನ್ನು ಜಗಲಿಯಲ್ಲಿ ಇಟ್ಟು, ವಾರದಲ್ಲಿ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಆಲೋಚಿಸು ಎಂದು ಹೋದ. ಕತ್ತಲಾಗುವಾಗ ಬಿಳಿ ಮರಿ ಬಾವಿಯ ಪಂಪ್‌ಶೆಡ್ಡಿನಿಂದ ಮೈಯೆಲ್ಲ ಜೇಡರಬಲೆ ಮಾಡಿಕೊಂಡು ಹೊರಗೆ ಬಂತು.

ಮರುದಿನ ಎದ್ದು ಬುಟ್ಟಿ ಹಿಡಿದು ತೋಟಕ್ಕೆ ಇಳಿದೆ. ಯಾವ ಮೊಗ್ಗು ಇವತ್ತಿನದು, ಯಾವುದು ನಾಳೆಯದು ಎಂದು ಬೆರಳಿಗೆ ಗೊತ್ತಿತ್ತು, ನಾನು ಯೋಚಿಸಬೇಕಾಗಿರಲಿಲ್ಲ. ಬಿಳಿ ಮರಿ ಕಾಲಿಗೆ ಸಿಕ್ಕುತ್ತ ಜೊತೆಗೇ ಬಂತು. ಬೇಗ ಮುಗಿಯಿತು. ಇಷ್ಟೇನಾ, ಇದಕ್ಕೆ ತಮ್ಮ ಅಷ್ಟು ಹೆದರಿಸಿದನಾ ಎನಿಸಿತು. ಜಗಲಿಯಲ್ಲಿ ಬುಟ್ಟಿ ಇಟ್ಟು, ಬಾಳೆನಾರನ್ನು ನೀರಿಗೆ ಹಾಕಿ, ಕಾಲು ಚಾಚಿ ಕುಳಿತೆ. ಬೆಳಕು ಹರಿಯಿತು. ಸ್ಕೂಟರು ಬರುವ ಹೊತ್ತಾಗುತ್ತಾ ಬಂತು. ನಾನು ಕಟ್ಟಲು ಶುರು ಮಾಡದೆ ಕುಳಿತೇ ಇದ್ದೆ.

ಕೊನೆಗೆ ತಡೆಯಲಾರದೆ ಬಾವಿಯ ಕಡೆಗೆ ತಿರುಗಿ ಕೂಗಿದೆ. "ಅಕ್ಕಾ, ನಿಂದು ಆಯ್ತಾ?"

ರಸ್ತೆ ಬದಿಯ ಗಿಡಗಳು ನನಗೆ, ಬಾವಿ ಬದಿಯವು ಅವಳಿಗೆ. ಯಾರು ಯಾವಾಗ ಹಾಗೆ ಪಾಲು ಮಾಡಿದರೋ ಗೊತ್ತಿಲ್ಲ, ತೋಟ ಇದ್ದಂದಿನಿಂದ ಹಾಗೆಯೇ. ಇಬ್ಬರ ಬುಟ್ಟಿಯೂ ಜಗಲಿಗೆ ಬಂದ ಮೇಲೆ ಒಟ್ಟಿಗೆ ಸುರಿದು ಕಟ್ಟುವುದು. ನಾನು ನನ್ನ ಪಾಲನ್ನು ಕೊಯ್ದು ಅವಳ ಬುಟ್ಟಿಗೆ ಕಾಯುತ್ತಿದ್ದೆ. ಬಾವಿ ಬದಿಯ ಗಿಡಗಳಲ್ಲಿ ಒಂದು ಮೊಗ್ಗನ್ನೂ ಯಾರೂ ಮುಟ್ಟಿರಲಿಲ್ಲ. ಆಂಬುಲೆನ್ಸ್ ಬಂದಾಗ ಅಲ್ಲ, ಚಿತೆಗೆ ಬೆಂಕಿ ಇಟ್ಟಾಗ ಅಲ್ಲ, ಅಕ್ಕ ಸತ್ತಳೆಂದು ನನಗೆ ಗೊತ್ತಾದದ್ದು ಆಗ. ಗೇಟಿನ ಮುಂದೆ ಹೂವಿನವನು ಹಾರ್ನ್ ಹಾಕಿದ. ಇನ್ನೂ ಅರ್ಧ ಬಾಕಿ ಉಂಟು, ಸ್ವಲ್ಪ ನಿಲ್ಲು ಎಂದು ಹೇಳಿ, ಬುಟ್ಟಿ ತೆಗೆದುಕೊಂಡು ಅವಳ ಕಡೆಗೆ ಹೋದೆ.